ಪುಡಿಹಿಮವೂ ಹಲಗೆಯ ಉದ್ದವೂ

ಎರಡು ಕಾಲುಗಳನ್ನೂ ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರುಗಳಲ್ಲಿ ಜಾರುವ ಸ್ನೋಬೋರ್ಡ್ ಕ್ರೀಡೆಗೆ ಹೊಸದಾಗಿ ಬಂದವನು ಹಲಗೆಯ ಉದ್ದ ಎಷ್ಟಿರಬೇಕೆಂದು ಕೇಳಿದರೆ, ಅವನಿಗೆ ಬಹುಕಾಲದಿಂದ ದೊರೆಯುತ್ತ ಬಂದಿರುವ ಉತ್ತರ, ಹಲಗೆಯನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ತುದಿ ಅವನ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕೆಂಬುದು. ಯಂತ್ರಗಳಿಂದ ಒತ್ತಿ ಹದಗೊಳಿಸಿದ ಗಟ್ಟಿ ಹಿಮದ ದಾರಿಯಲ್ಲಿ ಈ ಅಳತೆಯಿಂದ ಹೆಚ್ಚಿನ ಹಾನಿಯಾಗಲಾರದು. ಆದರೆ ಆಗತಾನೆ ಬಿದ್ದ, ಮೊಣಕಾಲು ಮುಳುಗುವಷ್ಟು ಆಳವಾದ ಪುಡಿಹಿಮದಲ್ಲಿ ಸವಾರನ ಎತ್ತರ ಹೆಚ್ಚೇನನ್ನೂ ಹೇಳುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುವು ಅವನ ತೂಕ, ಆ ತೂಕ ಹರಡಿಕೊಂಡಿರುವ ವಿಸ್ತೀರ್ಣ, ಅವನ ವೇಗ, ಈ ಮೂರು. ವೇಗವನ್ನಾದರೋ ಬಹುಮಟ್ಟಿಗೆ ನಿರ್ಧರಿಸುವುದು ಬೆಟ್ಟದ ಸ್ವರೂಪ. ಆದಕಾರಣ ಪುಡಿಹಿಮದ ಹಲಗೆಯನ್ನು ಆರಿಸುವವನು ಎಲ್ಲಕ್ಕಿಂತ ಮೊದಲು ತಾನು ಇಳಿಯಲಿರುವ ನೆಲವನ್ನು ಅರಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇದರ ಹಿಂದಿರುವ ಭೌತಶಾಸ್ತ್ರವಾದರೋ ಈ ಕ್ರೀಡೆಯ ಪರಿಚಯವೇ ಇಲ್ಲದವರಿಗೂ ಆನಂದವನ್ನೀಯಬಲ್ಲದು.

ಪುಡಿಹಿಮವೆಂಬ ವಸ್ತುವಿನ ಬಹುಭಾಗ ಗಾಳಿಯೇ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಶೀತಲ ಕೊಠಡಿಯಲ್ಲಿ, 1936ರಲ್ಲಿ, ಮೊಲದ ರೋಮವೊಂದರ ಮೇಲೆ ಹಿಮದ ಹರಳನ್ನು ಕೃತಕವಾಗಿ ಬೆಳೆಸಿ ತೋರಿದ ಉಕಿಚಿರೊ ನಕಾಯ ಎಂಬ ವಿಜ್ಞಾನಿಗಳು, ಗಾಳಿಯ ಉಷ್ಣತೆಗೂ ಅದರಲ್ಲಿರುವ ತೇವಕ್ಕೂ ಅನುಗುಣವಾಗಿ ಹರಳಿನ ಆಕಾರ ಹೇಗೆ ಮಾರ್ಪಡುವುದೆಂಬುದನ್ನು ಕ್ರಮವಾಗಿ ನಿರೂಪಿಸಿದರು. ಸೊನ್ನೆಗಿಂತ ಸುಮಾರು 15 ಡಿಗ್ರಿ ಸೆಲ್ಸಿಯಸ್ ಕೆಳಗೆ, ತೇವ ಸಮೃದ್ಧವಾಗಿರುವ ಮೋಡದಲ್ಲಿ, ಆರು ತೋಳುಗಳನ್ನು ಕವಲುಕವಲಾಗಿ ಚಾಚಿದ ನಕ್ಷತ್ರಾಕೃತಿಯ ಹರಳುಗಳು ಬೆಳೆಯುತ್ತವೆ. ಇವು ಗಾಳಿಯಿಲ್ಲದ ರಾತ್ರಿಯಲ್ಲಿ ನೆಲಕ್ಕಿಳಿದಾಗ ಒಂದರ ತೋಳು ಮತ್ತೊಂದರ ತೋಳಿಗೆ ತೊಡರಿಕೊಂಡು, ನಡುವೆ ಅಪಾರವಾದ ತೆರಪನ್ನುಳಿಸಿ ರಾಶಿಯಾಗುತ್ತವೆ. ಒಂದು ಘನ ಮೀಟರ್ ನೀರು 1000 ಕಿಲೋಗ್ರಾಂ ತೂಗುವಲ್ಲಿ ಇಂಥ ಒಣಹಿಮ 50ರಿಂದ 100 ಕಿಲೋಗ್ರಾಂ ಮಾತ್ರ ತೂಗುತ್ತದೆ. ಯಂತ್ರದಿಂದ ಒತ್ತಿದ ದಾರಿಯ ಹಿಮವಾದರೆ 400 ಕಿಲೋಗ್ರಾಂಗಳನ್ನೂ ಮೀರುವುದುಂಟು. ಬಿರುಗಾಳಿ ಬೀಸಿತೆಂದರೆ ಹರಳುಗಳ ತೋಳುಗಳು ಮುರಿದು ಚೂರುಗಳು ಒತ್ತೊತ್ತಾಗಿ ಕೂರುವುದರಿಂದ, ಅದೇ ಬೆಟ್ಟದ ಗಾಳಿಯ ಮಗ್ಗುಲಿನ ಹಿಮ ಮರೆಯ ಮಗ್ಗುಲಿನದಕ್ಕಿಂತ ಹಲವು ಪಟ್ಟು ಗಟ್ಟಿಯಾಗಿರಬಹುದು.

ಇಂಥ ಹಗುರವಾದ ವಸ್ತುವಿನ ಮೇಲೆ ಮನುಷ್ಯ ನಿಲ್ಲುವುದು ಹೇಗೆ? ಉಡುಪು, ಬೂಟು, ಹಲಗೆಗಳೊಡನೆ 85 ಕಿಲೋಗ್ರಾಂ ತೂಗುವ ಸವಾರನೊಬ್ಬನು ನಡೆಯುವಾಗ ಅವನ ಭಾರವೆಲ್ಲ ಸುಮಾರು 300 ಚದರ ಸೆಂಟಿಮೀಟರಿನ ಒಂದು ಅಂಗಾಲಿನ ಮೇಲೆ ಬೀಳುವುದರಿಂದ, ಪ್ರತಿ ಚದರ ಸೆಂಟಿಮೀಟರೂ 280 ಗ್ರಾಮಿನಷ್ಟು ಭಾರವನ್ನು ಹೊರಬೇಕಾಗುತ್ತದೆ. 160 ಸೆಂಟಿಮೀಟರ್ ಉದ್ದ, ಸರಾಸರಿ 25 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಅದೇ ಭಾರ 4000 ಚದರ ಸೆಂಟಿಮೀಟರಿಗೆ ಹಂಚಿಹೋಗಿ 21 ಗ್ರಾಮಿಗೆ ಇಳಿಯುತ್ತದೆ. ಇಷ್ಟಾದರೂ, ನಿಂತ ಹಲಗೆ ಆಳವಾದ ಪುಡಿಹಿಮದಲ್ಲಿ ಹುಗಿಯದೆ ಇರದು. ಅದನ್ನು ಮೇಲಕ್ಕೆತ್ತುವುದು ವೇಗ. ಕೆರೆಯ ಮೇಲೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ವೇಗವಿರುವವರೆಗೆ ಪುಟಿಯುತ್ತ ಹೋಗಿ, ವೇಗ ಕುಂದಿದೊಡನೆ ಮುಳುಗುವುದಷ್ಟೆ. ಹಾಗೆಯೇ, ಮೂತಿಯನ್ನು ತುಸು ಮೇಲಕ್ಕೆತ್ತಿಕೊಂಡು ಮುನ್ನುಗ್ಗುವ ಹಲಗೆ ತನ್ನ ಮುಂದಿರುವ ಹಿಮವನ್ನು ಕೆಳಕ್ಕೆ ನೂಕುತ್ತದೆ, ಆ ನೂಕಿನ ಪ್ರತಿಕ್ರಿಯೆ ಹಲಗೆಯನ್ನು ಎತ್ತುತ್ತದೆ. ಈ ಎತ್ತುಬಲ ಹಲಗೆಯ ವಿಸ್ತೀರ್ಣಕ್ಕೂ ಹಿಮದ ಸಾಂದ್ರತೆಗೂ ಅನುಪಾತದಲ್ಲಿ ಹೆಚ್ಚುವುದಾದರೆ, ವೇಗಕ್ಕೆ ಮಾತ್ರ ಅದರ ವರ್ಗದ ಅನುಪಾತದಲ್ಲಿ ಹೆಚ್ಚುತ್ತದೆ: ಗಂಟೆಗೆ 18 ಕಿಲೋಮೀಟರಿನಿಂದ 36ಕ್ಕೆ ಏರಿದವನಿಗೆ ಬೆಟ್ಟ ನಾಲ್ಕರಷ್ಟು ಆಧಾರವನ್ನು ಕೊಡುತ್ತದೆ.

ಹಿಮದೊಳಗಿನ ಗಾಳಿಯೂ ಇದರಲ್ಲಿ ಪಾಲುಗೊಳ್ಳುವುದೆಂಬುದು ಅಷ್ಟಾಗಿ ತಿಳಿಯದ ಸಂಗತಿ. ನ್ಯೂಯಾರ್ಕಿನ ಸಿಟಿ ಕಾಲೇಜಿನ ಶೆಲ್ಡನ್ ವೈನ್‌ಬಾಮ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹಲಗೆ ಹಿಮದ ಒಂದು ತಾಣವನ್ನು ದಾಟಿಹೋಗುವುದು ಅತ್ಯಲ್ಪ ಕಾಲದಲ್ಲಾದುದರಿಂದ, ಕೆಳಗೆ ಸಿಕ್ಕಿಕೊಂಡ ಗಾಳಿಗೆ ಪಕ್ಕಗಳಿಂದ ನುಸುಳಿ ಹೋಗಲು ಅವಕಾಶ ಸಾಲದೆ, ಅದರ ಒತ್ತಡವೇ ಸವಾರನ ಭಾರದ ಗಣನೀಯವಾದ ಭಾಗವನ್ನು ಹೊರುತ್ತದೆ. ಅಗಲವಾದ ಹಲಗೆಯಡಿಯಿಂದ ಗಾಳಿ ಹೊರಬರಲು ಹೆಚ್ಚು ದೂರ ಸಾಗಬೇಕಾಗುವುದೆಂಬುದನ್ನು ಇಲ್ಲಿಯೇ ಗಮನಿಸಿಟ್ಟುಕೊಳ್ಳಬೇಕು. ಇನ್ನೊಂದು ಮಾತು: ಹಗುರವಾದಷ್ಟೂ ಹಿಮ ಉತ್ತಮವೆಂಬ ನಂಬಿಕೆಯನ್ನು ಯೂಟಾ ವಿಶ್ವವಿದ್ಯಾಲಯದ ವಾತಾವರಣ ವಿಜ್ಞಾನಿ ಜಿಮ್ ಸ್ಟೀನ್‌ಬರ್ಗ್ ತಿದ್ದಿದ್ದಾರೆ. ಮೊದಲು ತುಸು ಭಾರವಾದ ಹಿಮ ಬಿದ್ದು, ಬಿರುಗಾಳಿ ಮುಗಿಯುತ್ತ ಬಂದಂತೆ ಚಳಿ ಹೆಚ್ಚಿ ಅದರ ಮೇಲೆ ಹಗುರವಾದುದು ಕೂತರೆ, ಹಲಗೆ ಆಳಕ್ಕಿಳಿದಷ್ಟೂ ಹೆಚ್ಚು ಆಧಾರವನ್ನು ಕಾಣುತ್ತದೆ; ಯೂಟಾದ ಆಲ್ಟಾ ಎಂಬ ತಾಣದ ಇಳಿಜಾರುಗಳ ಕೀರ್ತಿಗೆ ಈ ಅನುಕ್ರಮವೂ ಒಂದು ಕಾರಣ.

ಎತ್ತುಬಲವಿದ್ದರೆ ಸಾಲದು, ಅದು ತಕ್ಕ ಸ್ಥಾನದಲ್ಲಿ ಇರಬೇಕು. ಪುಡಿಹಿಮದಲ್ಲಿ ಬೀಳುವ ಪರಿ ಬಹುಮಟ್ಟಿಗೆ ಒಂದೇ: ವೇಗ ಕುಗ್ಗಿದ ಕ್ಷಣದಲ್ಲಿ ಮೂತಿಯ ಮೇಲೆ ಹಿಮದ ತೆಳುವಾದ ಪದರವೊಂದು ಹರಿದುಬಂದು ಕೂರುತ್ತದೆ, ಅದರ ಭಾರಕ್ಕೆ ಮೂತಿ ಇನ್ನಷ್ಟು ತಗ್ಗುತ್ತದೆ, ತಗ್ಗಿದ ಮೂತಿ ಇನ್ನಷ್ಟು ಹಿಮವನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಸವಾರನು ಹಿಂಗಾಲಿನ ಮೇಲೆ ಭಾರವೆಲ್ಲವನ್ನೂ ಹಾಕಿ ತಡೆಯಲೆಳಸುವಷ್ಟರಲ್ಲಿ ಹಲಗೆ ನಿಂತುಹೋಗಿ ದೇಹ ಮುಂದಕ್ಕೆ ಚಿಮ್ಮಿರುತ್ತದೆ. ದಿನವಿಡೀ ಹೀಗೆ ಹಿಂಗಾಲಿನ ತೊಡೆಯನ್ನು ದಂಡಿಸಿಕೊಂಡು ಇಳಿಯುವವರನ್ನು ಕಂಡರೆ ಮರುಕವುಂಟಾಗುತ್ತದೆ, ಏಕೆಂದರೆ ಆ ಕೆಲಸವನ್ನು ಹಲಗೆಯೇ ಮಾಡಬಲ್ಲದು. ಮೂತಿಯನ್ನು ಅಗಲವಾಗಿಯೂ ಬಾಲವನ್ನು ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಕಿರಿದಾಗಿಯೂ ಕಡೆದು, ಮೂತಿಯನ್ನು ನಿಧಾನವಾಗಿ ಮೇಲಕ್ಕೆ ಬಾಗಿಸಿ, ಬೂಟುಗಳನ್ನು ಹಿಡಿದಿಡುವ ಬೈಂಡಿಂಗುಗಳನ್ನು ನಡುವಿಗಿಂತ ಕೆಲವು ಸೆಂಟಿಮೀಟರ್ ಹಿಂದಕ್ಕೆ ಕೂರಿಸಿದರೆ, ಬಾಲ ತಾನಾಗಿ ಮುಳುಗಿ ಮೂತಿ ತಾನಾಗಿ ತೇಲುತ್ತದೆ.

ಈ ಉಪಾಯಗಳು ಈಚಿನವೇನೂ ಅಲ್ಲ. ಅಮೆರಿಕದ ಮಿಷಿಗನ್ ಪ್ರಾಂತದ ಮಸ್ಕೀಗನ್ನಿನಲ್ಲಿ ಶರ್ಮನ್ ಪಾಪ್ಪೆನ್ ಎಂಬವರು 1965ರಲ್ಲಿ ತಮ್ಮ ಹೆಣ್ಣುಮಕ್ಕಳ ಆಟಕ್ಕಾಗಿ ಎರಡು ಸ್ಕೀಗಳನ್ನು ಜೋಡಿಸಿ ‘ಸ್ನರ್ಫರ್’ ಎಂಬುದನ್ನು ಮಾಡಿದ ಮೇಲೆ, 1970ರ ದಶಕದಲ್ಲಿ ಯೂಟಾದ ಆಳವಾದ ಹಿಮಕ್ಕಾಗಿ ದಿಮಿತ್ರಿಯೆ ಮಿಲೊವಿಚ್ ತಯಾರಿಸಿದ ವಿಂಟರ್‌ಸ್ಟಿಕ್ ಹಲಗೆಗಳಿಗೆ ಬಾನಾಡಿಯ ಬಾಲದಂತೆ ಸೀಳಿದ ಹಿಂಗೊನೆಯಿತ್ತು. ಅನಂತರ ಗಟ್ಟಿ ದಾರಿಗಳ ಕಸರತ್ತು ಪ್ರಾಧಾನ್ಯಕ್ಕೆ ಬಂದು, ಮುಂದಕ್ಕೂ ಹಿಂದಕ್ಕೂ ಒಂದೇ ಸಮನಾಗಿ ಜಾರುವ ಸಮರೂಪದ ಹಲಗೆಗಳು ವ್ಯಾಪಿಸಿದುವು.

ಈಗ ನೆಲದ ಮಾತಿಗೆ ಬರೋಣ. ಹೊಕ್ಕೈಡೊ ದ್ವೀಪದ ನಿಸೆಕೊ ಬೆಟ್ಟಗಳ ಮೇಲೆ, ಸೈಬೀರಿಯದಿಂದ ಹೊರಟ ಶುಷ್ಕವಾದ ಶೀತಮಾರುತ ಜಪಾನ್ ಸಮುದ್ರವನ್ನು ದಾಟುವಾಗ ತೇವವನ್ನು ಹೀರಿಕೊಂಡು ಬಂದು, ಚಳಿಗಾಲವೊಂದರಲ್ಲಿ ಸುಮಾರು 15 ಮೀಟರ್ ಹಿಮವನ್ನು ಸುರಿಯುತ್ತದೆ. ಮುಖ್ಯ ಶಿಖರವಾದ ಅನ್ನುಪುರಿಯ ಎತ್ತರ 1308 ಮೀಟರ್ ಮಾತ್ರ. ನಮ್ಮ ಮುಳ್ಳಯ್ಯನಗಿರಿಗಿಂತ ಕಡಮೆ. ಅದರ ಕೆಳಗಿನ ಮಗ್ಗುಲುಗಳ ತುಂಬ, ನಮ್ಮ ಪೂರ್ವಿಕರ ಗ್ರಂಥಗಳಿಗೆ ಹಾಳೆಯನ್ನೊದಗಿಸಿದ ಭೂರ್ಜವೃಕ್ಷದ ಬಂಧುಗಳಾದ ಬಿಳಿಯ ಮರಗಳು ವಿರಳವಾಗಿ ನಿಂತಿವೆ. ಅವುಗಳ ಬುಡದ ಕುರುಚಲು ಬಿದಿರು ಹಿಮದಡಿ ಹುದುಗಿಹೋಗುವುದರಿಂದ ಮರಮರಗಳ ನಡುವೆ ಸವಾರನಿಗೆ ದಾರಿ ತೆರೆಯುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಎರಡು ಮರಗಳ ನಡುವೆ ನುಗ್ಗಿ, ಮೂರನೆಯದು ಎದುರಾಗುವ ಮೊದಲೇ ತಿರುಗಬೇಕಾದವನಿಗೆ ಗಿಡ್ಡ ಹಲಗೆಯೇ ಬೇಕು: ಒಂದೇ ಮಾದರಿಯ ಹಲಗೆಯ ಉದ್ದವನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸಿದರೆ, ತಿರುಗಿಸುವಾಗ ಅದು ಒಡ್ಡುವ ಜಡತ್ವ ಮೂರರಲ್ಲೊಂದು ಪಾಲು ಹೆಚ್ಚುತ್ತದೆ, ಕೊನೆಗಳ ದ್ರವ್ಯ ಅಕ್ಷದಿಂದ ದೂರ ಸರಿಯುವುದೂ ಒಟ್ಟು ತೂಕ ಏರುವುದೂ ಕೂಡಿಯೇ ಸಂಭವಿಸುವುದು ಇದಕ್ಕೆ ಕಾರಣ. ಅದೇ ಸಮಯದಲ್ಲಿ ಮರಗಳ ಭಯದಿಂದ ವೇಗವನ್ನು ಅರ್ಧಕ್ಕಿಳಿಸಿದವನಿಗೆ ಎತ್ತುಬಲ ಕಾಲುಭಾಗಕ್ಕಿಳಿದಿರುವುದರಿಂದ, ವಿಸ್ತೀರ್ಣದ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುವುದೂ ಅಲ್ಲಿಯೇ. ಉದ್ದವನ್ನು ಬಿಡಬೇಕು, ವಿಸ್ತೀರ್ಣವನ್ನು ಬಿಡಕೂಡದು!

ಇದನ್ನು ಬಿಡಿಸುವ ದಾರಿ ಅಗಲದಲ್ಲಿದೆ. ಮೇಲೆ ಹೇಳಿದ 160 ಸೆಂಟಿಮೀಟರಿನ ಹಲಗೆಯನ್ನು 148ಕ್ಕೆ ಇಳಿಸಿ, ಅಗಲವನ್ನು 25ರಿಂದ 27ಕ್ಕೆ ಏರಿಸಿದರೆ ವಿಸ್ತೀರ್ಣ 3996 ಚದರ ಸೆಂಟಿಮೀಟರ್. ಕಳೆದುಕೊಂಡದ್ದು ನಾಲ್ಕೇ ಚದರ ಸೆಂಟಿಮೀಟರ್. ತೂಕ ಅಷ್ಟೇ ಇದ್ದರೂ ತಿರುಗಿಸುವ ಜಡತ್ವ ಏಳರಲ್ಲೊಂದು ಪಾಲು ತಗ್ಗುತ್ತದೆ; ಗಾಳಿಯನ್ನು ಅಡಿಯಲ್ಲಿ ಹಿಡಿದಿಡುವ ಗುಣವೂ ಅಗಲದಿಂದ ಹೆಚ್ಚುತ್ತದೆ. ಅಲೆಗಳ ಮೇಲೆ ಜಾರುವ ಸರ್ಫಿಂಗಿನಲ್ಲಿಯೂ ಪಳಗಿದ ತಾರೊ ತಮಾಯಿ ನಿಸೆಕೊದಲ್ಲಿ ಸ್ಥಾಪಿಸಿದ ಜೆಂಟೆಮ್‌ಸ್ಟಿಕ್ ಸಂಸ್ಥೆ ರೂಪಿಸಿದ ಅಗಲಮೂತಿಯ, ಕಿರುಬಾಲದ ಹಲಗೆಗಳು ಈ ನೆಲಕ್ಕೆ ಎಷ್ಟು ಸಹಜವಾಗಿ ಒಪ್ಪುವುವೆಂಬುದು ಈ ಲೆಕ್ಕವನ್ನು ಕಂಡ ಮೇಲೆ ಅರ್ಥವಾಗುತ್ತದೆ. ಅಗಲಕ್ಕೂ ಒಂದು ಬೆಲೆ ತೆರಬೇಕಾಗಿರುವುದು ನಿಜ: ಗಟ್ಟಿ ಹಿಮಕ್ಕೆ ಬಂದಾಗ ಒಂದು ಅಂಚಿನಿಂದ ಮತ್ತೊಂದಕ್ಕೆ ಹೊರಳುವುದು ನಿಧಾನವಾಗುತ್ತದೆ, ಕಣಕಾಲಿಗೆ ಶ್ರಮ ಹೆಚ್ಚುತ್ತದೆ. ಕಾಡಿನ ಹಿಮದಲ್ಲಿ ಇದು ಸಹಿಸಬಹುದಾದ ಬೆಲೆ.

ಕಾಡಿನ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆ. ಕೊಂಬೆಗಳು ತಗ್ಗಿರುವ ಸೂಚಿಪರ್ಣಿ ಮರಗಳ ಬುಡದಲ್ಲಿ ಹಿಮ ಸರಿಯಾಗಿ ತುಂಬಿಕೊಳ್ಳದೆ ಬಾವಿಯಂಥ ಪೊಳ್ಳುಗಳು ಮರೆಯಾಗಿರುತ್ತವೆ. ಸ್ನೋಬೋರ್ಡಿನ ಬೈಂಡಿಂಗುಗಳು ಬಿದ್ದಾಗ ತಾವಾಗಿ ಬಿಚ್ಚಿಕೊಳ್ಳುವುವಲ್ಲವಾದ್ದರಿಂದ, ತಲೆಕೆಳಗಾಗಿ ಅದರೊಳಗೆ ಸಿಕ್ಕಿದವನು ತನ್ನಿಂದ ತಾನೇ ಹೊರಬರುವುದು ದುಸ್ಸಾಧ್ಯ. ಎಂಥ ಹಲಗೆಯಿದ್ದರೂ ಕಾಡಿನಲ್ಲಿ ಒಬ್ಬನೇ ಇಳಿಯಕೂಡದು. ಜೊತೆಗಾರ ಕಣ್ಣಿಗೆ ಕಾಣುವಷ್ಟು, ಕೂಗಿಗೆ ನಿಲುಕುವಷ್ಟು ಹತ್ತಿರವಿರಬೇಕು.

ಇಳಿಜಾರು ಸೌಮ್ಯವಾದ ಬಯಲುಗಳಲ್ಲಿ ವಿಚಾರ ಸರಳವಾದುದು. ಅಲ್ಲಿ ಗುರುತ್ವ ವೇಗವನ್ನು ಕೊಡಲೊಲ್ಲದು, ಮರಗಳ ಕಾಟವೂ ಇಲ್ಲ. ಆದುದರಿಂದ ಉದ್ದ, ಅಗಲ ಎರಡರಲ್ಲಿಯೂ ಉದಾರವಾದ ಹಲಗೆಯನ್ನು ಒಯ್ಯಬೇಕು. ಬಯಲಿನ ನಡುವೆ ನಿಂತುಹೋದವನು ಎದೆಮಟ್ಟದ ಹಿಮದಲ್ಲಿ ಹಲಗೆಯನ್ನು ಕಳಚಿ ನಡೆಯುವ ಯಾತನೆಯನ್ನು ಒಮ್ಮೆ ಅನುಭವಿಸಿದರೆ ಈ ಮಾತಿಗೆ ಬೇರೆ ಪ್ರಮಾಣ ಬೇಡ.

ಅಲಾಸ್ಕದ ಚುಗಾಚ್ ಪರ್ವತಗಳ ಕಡಿದಾದ ಮುಖಗಳಿಗೂ ಉದ್ದವಾದ ಹಲಗೆಯೇ ಬೇಕೆನ್ನುವುದುಂಟು. ಆದರೆ ಅಲ್ಲಿನ ಕಾರಣ ಬೇರೆ. ಸಮುದ್ರದ ಸಮೀಪದ ಆ ಬೆಟ್ಟಗಳಲ್ಲಿ ತೇವಭರಿತವಾದ ಹಿಮ ತೀರ ಕಡಿದಾದ ಬಂಡೆಗಳಿಗೂ ಅಂಟಿ ನಿಲ್ಲುತ್ತದೆ. ಅಂಥಲ್ಲಿ ವೇಗಕ್ಕೆ ಕೊರತೆಯಿಲ್ಲವಾಗಿ ತೇಲುವುದು ಚಿಂತೆಯ ವಿಷಯವೇ ಅಲ್ಲ. ಗಾಳಿಯಿಂದ ಗಟ್ಟಿಯಾದ ತುಣುಕೊಂದು ಎದುರಾದಾಗ ಅಂಚು ಹೆಚ್ಚು ದೂರದವರೆಗೆ ಕಚ್ಚಿ ಹಿಡಿಯಬೇಕು, ಏರುತಗ್ಗುಗಳ ಮೇಲೆ ಹಾಯುವಾಗ ಹಲಗೆ ಮುಂದುಹಿಂದಾಗಿ ತೊನೆಯಬಾರದು, ನೆಗೆದು ನೆಲಕ್ಕಿಳಿದಾಗ ಹಿಂದೆ ಆಧಾರವಿರಬೇಕು. ಕಾಡಿನಲ್ಲಿ ದೋಷವೆಂದು ಬಿಟ್ಟ ಜಡತ್ವವೇ ಇಲ್ಲಿ ಸ್ಥೈರ್ಯವಾಗುತ್ತದೆ. ಸರಾಸರಿ ತೂಕದವರೂ 160ರ ಮೇಲಿನ ಹಲಗೆಗಳನ್ನೇ ಇಲ್ಲಿ ಬಯಸುತ್ತಾರೆ. ಗಿಡ್ಡ ಹಲಗೆಯ ಈಚಿನ ಮೋಹದಲ್ಲಿ ಇಂಥ ಮುಖಗಳ ಮೇಲೂ ಅದನ್ನೇ ಒಯ್ಯುವುದು ನನಗೆ ವಿವೇಕವೆಂದು ತೋರದು.

ನಮ್ಮ ದೇಶದ ಗುಲ್ಮರ್ಗದಲ್ಲಿ ಈ ಮೂರು ಬಗೆಯ ನೆಲಗಳೂ ಒಂದೇ ಇಳಿತದಲ್ಲಿ ಎದುರಾಗುತ್ತವೆ. ಗೊಂಡೋಲ ಎಂಬ ತೂಗುಗಾಡಿಯ ಎರಡನೆಯ ಹಂತ ಸವಾರನನ್ನು ಅಫರ್ವತ್ ಬೆಟ್ಟದ ಮೇಲೆ 3900 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಇಳಿಸುತ್ತದೆ. ಅಲ್ಲಿಂದ ಕೆಳಗೆ ಮೊದಲು ಗಾಳಿಗೆ ತೆರೆದ, ಮರವಿಲ್ಲದ ವಿಶಾಲವಾದ ಬೋಗುಣಿಗಳು, ಆಮೇಲೆ ಭೂರ್ಜ, ಫರ್, ಪೈನ್ ಮರಗಳ ದಟ್ಟಣೆ, ಕಟ್ಟಕಡೆಗೆ ಸುಮಾರು 2650 ಮೀಟರಿನ ಹುಲ್ಲುಗಾವಲಿನ ಚಪ್ಪಟೆ ನೆಲ. ಹಿಮಕುಸಿತದ ಅಪಾಯ ನಿಜವಾಗಿರುವ ಮೇಲಿನ ಬೋಗುಣಿಯಲ್ಲಿ ಹಿಡಿತವೂ, ಕಾಡಿನಲ್ಲಿ ಚುರುಕೂ, ಕೊನೆಯ ಚಪ್ಪಟೆಯಲ್ಲಿ ತೇಲುವ ಶಕ್ತಿಯೂ ಬೇಕಾದಲ್ಲಿ, 75 ಕಿಲೋಗ್ರಾಂ ತೂಕದವನೊಬ್ಬನು 156ರ ಆಸುಪಾಸಿನ, ನಡುವಗಲ ತುಸು ಹೆಚ್ಚಿರುವ, ಬಾಲ ಕಿರಿದಾದ ಹಲಗೆಯನ್ನು ಹಿಡಿಯುವುದು ಲೇಸೆಂದು ನಾನು ಹೇಳುವೆನು. ಬೆನ್ನಚೀಲದಲ್ಲಿ ಸಲಿಕೆ, ಶೋಧನಕೋಲು, ನೀರು ಎಂದು ಹತ್ತು ಕಿಲೋಗ್ರಾಂ ಸೇರಿದರೆ ತಯಾರಕರ ಪಟ್ಟಿಯಲ್ಲಿ ತನ್ನ ಮೈತೂಕದ ಸಾಲನ್ನು ಬಿಟ್ಟು ಅದರ ಮುಂದಿನ ಸಾಲನ್ನು ನೋಡಬೇಕು. ಮಾರ್ಚ್ ತಿಂಗಳ ಬಿಸಿಲಿಗೆ ಹಿಮ ನೆನೆದು ಸಾಂದ್ರವಾದ ಮೇಲಂತೂ ಸಣ್ಣ ವಿಸ್ತೀರ್ಣಕ್ಕೂ ಸಾಕಷ್ಟು ಆಧಾರ ಸಿಕ್ಕುವುದರಿಂದ, ಅದೇ ಸವಾರನು ಅದೇ ಬೆಟ್ಟಕ್ಕೆ ನಾಲ್ಕೈದು ಸೆಂಟಿಮೀಟರ್ ಗಿಡ್ಡದಾದ ಹಲಗೆಯನ್ನು ಒಯ್ದು, ಹಿಂದಕ್ಕೆ ಸರಿಸಿದ್ದ ಬೈಂಡಿಂಗುಗಳನ್ನು ಒಂದು ತೂತಿನಷ್ಟು ಮುಂದಕ್ಕೆ ತರಬಹುದು.