ಸದ್ದು ಬರುವ ಮೊದಲೇ ನಕ್ಷೆ ಬರಲಿ

ಕಳೆದ ಜನವರಿಯ ಸೆಮಿಸ್ಟರ್ ರಜೆಯಲ್ಲಿ ಯಾದಗಿರಿ ನಿಲ್ದಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿದೆ. ಅಪ್ಪ, ಅವ್ವ, ತಂಗಿ ಬೆಂಗಳೂರಿನಲ್ಲಿದ್ದಾರೆ. ಸುರಪುರ ತಾಲ್ಲೂಕಿನ ನಮ್ಮೂರಿನಿಂದ ಗುಳೆ ಹೋದ ಎಲ್ಲರಂತೆ ಅವರಿಗೂ ಕಟ್ಟಡ ಕೆಲಸದ ಪಕ್ಕದಲ್ಲೊಂದು ತಗಡಿನ ಶೆಡ್ಡು. ಆ ಜಾಗದ ನೆತ್ತಿಯ ಮೇಲೆಯೇ ವಿಮಾನಗಳು ಇಳಿಯುವ ದಾರಿ.

ಮೊದಲ ರಾತ್ರಿ ಗುಡುಗಿತೆಂದು ಎದ್ದು ಕೂತೆ. ಹೊರಗೆ ಒಣಹಾಕಿದ್ದ ಬಟ್ಟೆ ತರಲು ಹೊರಟಾಗ ಅವ್ವ ತಡೆದಳು. ‘ಮಳಿ ಅಲ್ಲಪ್ಪ, ಇಮಾನ. ಮಕ್ಕೊ. ನಮಗ ರೂಢಿ ಆಗ್ಯಾದ.’

ತಂಗಿ ಟೆಂಟ್ ಶಾಲೆಯಲ್ಲಿ 3ನೇ ತರಗತಿ. ‘ಇಮಾನ ಬಂದ್ರ ಟೀಚರ್ ಸುಮ್ನ ನಿಂದರ್ತಾರ. ನಾವು ಓದಿದ ಸಾಲಿನ ಮ್ಯಾಲ ಬೆರಳಿಟ್ಟು ಕೂಡ್ತೀವಿ’ ಎಂದಳು. ನಾನು ಶಹಾಪುರದಲ್ಲಿ ಅಜ್ಜಿಯ ಮನೆಯಲ್ಲಿದ್ದು ಪಿಯುಸಿ ಮುಗಿಸಿದವನು. ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಊರು ಅದು. ರಾತ್ರಿ ನಾಯಿ ಬೊಗಳುವುದು ಬಿಟ್ಟರೆ ನನ್ನ ಓದಿಗೆ ಅಡ್ಡಿ ಇರಲಿಲ್ಲ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎಷ್ಟು ಬೇರೆ ಬೇರೆ ರಾತ್ರಿಗಳು ಎಂದು ಅಂದು ಹೊಳೆಯಿತು.

ಕಾಲೇಜಿಗೆ ಮರಳಿದ ಮೇಲೆ ಈ ವಿಷಯ ಓದತೊಡಗಿದೆ. 1992ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹಳೆಯ ವಿಮಾನ ನಿಲ್ದಾಣ ಮುಚ್ಚಿ, ಬೇರೆಡೆ ಹೊಸದು ತೆರೆಯಿತು. ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಪರೀಕ್ಷಿಸಿದರು. ಹೊಸ ನಿಲ್ದಾಣದ ಬಳಿಯ ಮಕ್ಕಳ ಓದು ಮತ್ತು ನೆನಪಿನ ಶಕ್ತಿ ಕುಂದಿತ್ತು. ಹಳೆಯದರ ಬಳಿ ಸುಧಾರಿಸಿತ್ತು. ಅವ್ವ ಹೇಳಿದ ‘ರೂಢಿ’ಯೂ ಅರ್ಧ ಸತ್ಯವೇ. ಎಚ್ಚರವಾಗದಿದ್ದರೂ ಸದ್ದಿಗೆ ಮಲಗಿದವರ ಎದೆಬಡಿತ ಏರುತ್ತದೆ ಎನ್ನುತ್ತವೆ ನಿದ್ರೆಯ ಅಧ್ಯಯನಗಳು.

ಹಾಗಾದರೆ ಕಾನೂನು ಇಲ್ಲವೇ? ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಿಮಾನ ನಿಲ್ದಾಣಗಳಿಗೆ ಕೇಂದ್ರ ಪರಿಸರ ಸಚಿವಾಲಯ 2018ರ ಜೂನ್‌ನಲ್ಲಿ ಪ್ರತ್ಯೇಕ ಮಾನದಂಡ ತಂದಿತು. ವರ್ಷಕ್ಕೆ 50,000ಕ್ಕೂ ಹೆಚ್ಚು ಬಾರಿ ವಿಮಾನಗಳು ಏರಿಳಿಯುವ ಕಡೆ ಮಿತಿ ಹಗಲು 70, ರಾತ್ರಿ 65. ರಾತ್ರಿಯ ಎರಡು ಮಿತಿಗಳ ನಡುವಿನ ವ್ಯತ್ಯಾಸ 20 ಡೆಸಿಬಲ್. ಕೇಳಲು ಸಣ್ಣದು, ಆದರೆ ಡೆಸಿಬಲ್ ಲೆಕ್ಕದಲ್ಲಿ ಸದ್ದಿನ ಶಕ್ತಿ ನೂರು ಪಟ್ಟು!

ಇನ್ನೊಂದು ತೊಡಕಿದೆ. ಈ ಮಿತಿ ಒಂದೊಂದು ವಿಮಾನದ ಸದ್ದಿಗಲ್ಲ, ಇಡೀ ರಾತ್ರಿಯ ಸರಾಸರಿಗೆ. ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹತ್ತು ವಿಮಾನ ಹಾದುಹೋಗಲಿ. ಪ್ರತಿಯೊಂದೂ 20 ಸೆಕೆಂಡ್ ಕಾಲ 80 ಡೆಸಿಬಲ್ ಸದ್ದು ಮಾಡಲಿ. ಉಳಿದ ಹೊತ್ತು ಪೂರ್ತಿ ಶಾಂತ ಎಂದುಕೊಂಡರೆ ಸರಾಸರಿ ಸುಮಾರು 58 ಬರುತ್ತದೆ. ಅಂದರೆ ಹತ್ತು ಸಲ ಬೆಚ್ಚಿಬಿದ್ದರೂ ಕಾಗದದಲ್ಲಿ ಮಿತಿ ಮೀರಿಲ್ಲ. ಸರಾಸರಿ ತಪ್ಪು ಲೆಕ್ಕವಲ್ಲ. ಆದರೆ ಯಾರೂ ಸರಾಸರಿಯಲ್ಲಿ ನಿದ್ದೆ ಮಾಡುವುದಿಲ್ಲ. ಎಷ್ಟು ಸಲ, ಎಷ್ಟು ಜೋರಾಗಿ ಎಂಬುದನ್ನೂ ಎಣಿಸಬೇಕು.

ಸದ್ದು ತಗ್ಗಿಸಲು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2001ರಲ್ಲೇ ನಾಲ್ಕು ದಾರಿ ಹೇಳಿದೆ. ಸದ್ದು ಕಡಿಮೆ ಇರುವ ಎಂಜಿನ್, ಸುತ್ತಲಿನ ಭೂಬಳಕೆಯ ಯೋಜನೆ, ಏರುವ–ಇಳಿಯುವ ವಿಧಾನದಲ್ಲಿ ಬದಲಾವಣೆ, ಕೊನೆಗೆ ಹಾರಾಟಕ್ಕೆ ನಿರ್ಬಂಧ. ಫ್ರಾಂಕ್‌ಫರ್ಟ್‌ನಲ್ಲಿ 2011ರಿಂದ ರಾತ್ರಿ 11ರಿಂದ 5ರವರೆಗೆ ನಿಗದಿತ ಹಾರಾಟಗಳಿಲ್ಲ. ಯುರೋಪಿನ ಕೆಲವು ನಿಲ್ದಾಣಗಳು ಸುತ್ತಲಿನ ಮನೆಗಳಿಗೆ ಸದ್ದು ತಡೆಯುವ ಕಿಟಕಿ ಹಾಕಿಸಿಕೊಡುತ್ತವೆ. ಆದರೆ ಕಿಟಕಿಯೇ ಇಲ್ಲದ ತಗಡಿನ ಶೆಡ್ಡಿಗೆ ಯಾವ ಗಾಜು ಹಾಕಿಸುವುದು?

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣದ ಕಥೆ. 2003ರಲ್ಲಿ ಅಲ್ಲೊಂದು ಹೊಸ ರನ್‌ವೇ ಆಯಿತು. ಸಪಾಟು ನೆಲದ ಮೇಲೆ ಹರಿದು ಬರುವ ಗುಡುಗಿನಂಥ ಸದ್ದು ಅಕ್ಕಪಕ್ಕದ ಊರುಗಳನ್ನು ಕಾಡತೊಡಗಿತು. ರೈತರು ಹೊಲ ಉತ್ತಾಗ ಮಾತ್ರ ಅದು ತಗ್ಗುತ್ತಿತ್ತು! ನೇಗಿಲ ಸಾಲಿನ ಏರುತಗ್ಗುಗಳು ಸದ್ದನ್ನು ಮೇಲಕ್ಕೆ ಚದುರಿಸುತ್ತಿದ್ದವು. ಇದೇ ತತ್ವದ ಮೇಲೆ ಮಣ್ಣಿನ ಸುಮಾರು 150 ದಿಬ್ಬಗಳ ಉದ್ಯಾನವನ್ನು 2013ರಲ್ಲಿ ತೆರೆದರು. ತಲೆಯ ಮೇಲೆ ಹಾರುವ ಸದ್ದಿಗೆ ಇದು ಮದ್ದಲ್ಲ. ಆದರೂ ನಿಲ್ದಾಣದ ಸುತ್ತಲಿನ ನೆಲವನ್ನು ಹೇಗೆ ಬಳಸುತ್ತೇವೆ ಎಂಬುದೇ ಅರ್ಧ ಉತ್ತರ ಎಂದು ಇದು ಕಲಿಸಿತು.

ಈಗ ನಮ್ಮ ಕಡೆಗೆ ಬರೋಣ. ಯಾದಗಿರಿಗೆ ಹತ್ತಿರದ ವಿಮಾನ ನಿಲ್ದಾಣ ಕಲಬುರಗಿಯದು. 2019ರ ನವೆಂಬರ್ 22ರಂದು ಅದು ಶುರುವಾದಾಗ ಇಡೀ ಭಾಗವೇ ಸಂಭ್ರಮಿಸಿತು, ನಾನೂ ಕೂಡ. ಅಲ್ಲಿ ಹಾರಾಟ ಇನ್ನೂ ಬಹಳ ಕಡಿಮೆ, ಸುತ್ತ ಹೊಲಗಳಿವೆ. ವಿಮಾನಗಳು ಹೆಚ್ಚಬೇಕು, ಉದ್ಯೋಗ ಬರಬೇಕು, ನಮ್ಮವರು ಗುಳೆ ಹೋಗುವುದು ನಿಲ್ಲಬೇಕು. ಅದಕ್ಕಾಗಿಯೇ ಕೇಳುತ್ತಿದ್ದೇನೆ: ವಿಮಾನಗಳಿಗಿಂತ ಮೊದಲು ಬರುವುದು ಲೇಔಟುಗಳು. ರನ್‌ವೇಯ ಎರಡೂ ತುದಿಗಳ ನೇರಕ್ಕೆ ಮನೆ, ಶಾಲೆ, ಆಸ್ಪತ್ರೆ ಎದ್ದು ನಿಂತ ಮೇಲೆ ಯಾವ ಎಂಜಿನಿಯರ್ ಏನು ಮಾಡಬಲ್ಲ?

ನಿಲ್ದಾಣದ ಸುತ್ತ ಕಟ್ಟಡದ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಅನುಮತಿ ಬೇಕು. ಮನೆಯಿಂದ ವಿಮಾನಕ್ಕೆ ತೊಂದರೆಯಾಗದಿರಲಿ ಎಂಬ ಕಾಳಜಿ ಅದು. ವಿಮಾನದಿಂದ ಮನೆಗೆ ತೊಂದರೆಯಾಗದಿರಲಿ ಎಂಬ ಕಾಳಜಿಯೂ ನಗರದ ಮಾಸ್ಟರ್ ಪ್ಲಾನ್‌ನಲ್ಲಿ ಇರಲಿ. ಮುಂದೆ ಸದ್ದು ಎಲ್ಲಿ ಬೀಳುತ್ತದೆ ಎಂದು ನಕ್ಷೆ ಮಾಡಿ, ಅಲ್ಲಿ ಗೋದಾಮು, ಕೃಷಿ, ಸೋಲಾರ್ ಘಟಕಗಳಿಗೆ ಅವಕಾಶ ಕೊಡಬಹುದು. ಕಾರ್ಮಿಕರ ಶೆಡ್ಡುಗಳಿಗೂ ಈ ನಿಯಮ ಅನ್ವಯಿಸಬೇಕು. ತಾತ್ಕಾಲಿಕ ಎಂದು ಕರೆಯುವ ಶೆಡ್ಡಿನಲ್ಲೇ ನನ್ನ ತಂಗಿಯ ಬಾಲ್ಯ ಕಳೆಯುತ್ತಿದೆ.

ಮೊನ್ನೆ ಅವಳು ಫೋನಿನಲ್ಲಿ ಪಾಠ ಓದಿ ಹೇಳುತ್ತಿದ್ದಳು. ನಡುವೆ ನಿಲ್ಲಿಸಿದಳು. ಸದ್ದು ಅಡಗುವವರೆಗೂ ಇಬ್ಬರೂ ಕಾದೆವು. ಆಮೇಲೆ ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು.

ಸಿವಿಲ್ ಓದುತ್ತಿರುವ ನಾನು ಫೈನಲ್ ಇಯರ್ ಪ್ರಾಜೆಕ್ಟಿಗೆ ಇದೇ ವಿಷಯ ಆರಿಸಿಕೊಂಡಿದ್ದೇನೆ: ಕಲಬುರಗಿ ನಿಲ್ದಾಣದ ಸುತ್ತಲಿನ ಹಳ್ಳಿಗಳಲ್ಲಿ ಇಂದಿನ ಸದ್ದು ಎಷ್ಟೆಂದು ಅಳೆದು ದಾಖಲಿಸುವುದು. ಇಂದಿನ ಶಾಂತಿಯ ಲೆಕ್ಕ ಕೈಯಲ್ಲಿದ್ದರೆ ತಾನೇ ನಾಳೆ ಎಷ್ಟು ಕಳೆದುಕೊಂಡೆವೆಂದು ಕೇಳಲು ಸಾಧ್ಯ? ಇಬ್ಬರು ಸಹಪಾಠಿಗಳು ಜೊತೆಗಿದ್ದಾರೆ. ನೀವು ಯಾವ ಊರಿನಲ್ಲಿ, ಯಾವ ವಿಭಾಗದಲ್ಲಿ ಓದುತ್ತಿದ್ದರೂ ಸರಿ, ನಿಮ್ಮೂರಿನ ಬಳಿ ನಿಲ್ದಾಣ ಬಂದಿದ್ದರೆ ಈ ಕೆಲಸ ಈಗಲೇ ಶುರು ಮಾಡಬಹುದು.