ಕ್ಲಚ್ಚಿನ ಸವಕಳಿ

ಬೆಳಗಿನ ಒಂಬತ್ತು ಗಂಟೆಗೆ ಪುಣೆಯ ಖರಾಡಿಯಿಂದ ಹೊರಟು, ಮುಳಾ-ಮುಠಾ ನದಿಯ ಸೇತುವೆಯನ್ನು ದಾಟಿ, ಮುಂಢವಾದ ಮಾರ್ಗವಾಗಿ ಮಗರಪಟ್ಟಾವನ್ನು ಸೇರಬೇಕಾದ ಬೈಕು ಸವಾರನು ಆ ದಾರಿಯನ್ನು ತನ್ನ ಎಡಗೈಯ ಬೆರಳುಗಳಿಂದಲೇ ಕ್ರಮಿಸುತ್ತಾನೆಂದರೆ ಅತಿಶಯೋಕ್ತಿಯಾಗಲಾರದು. ಮುಂದಿನ ಬಸ್ಸು ಮೂರಡಿ ಸರಿದರೆ ತಾನೂ ಮೂರಡಿ ಸರಿದು, ಹಿಡಿಯನ್ನು ಅರ್ಧ ಬಿಟ್ಟು, ಪುನಃ ಎಳೆದು, ಪುನಃ ಬಿಡುವ ಈ ವ್ಯವಸಾಯಕ್ಕೆ ಮೆಕ್ಯಾನಿಕರು ಇಟ್ಟಿರುವ ಹೆಸರು ‘ಹಾಫ್ ಕ್ಲಚ್’. ನಾಲ್ಕು ವರ್ಷ ಇದನ್ನು ಸಹಿಸಿದ ನನ್ನ 150 ಸಿ.ಸಿ. ಬೈಕು, ಒಂದು ಸಂಜೆ ಅದೇ ಸೇತುವೆಯ ಏರಿನಲ್ಲಿ, ಎಂಜಿನ್ನು ಆರ್ಭಟಿಸುತ್ತಿದ್ದರೂ ಚಕ್ರಕ್ಕೆ ಅದರ ವಾರ್ತೆಯೇ ಮುಟ್ಟದಂತೆ ಮಂದವಾಗಿ ಚಲಿಸಿ, ಸುಟ್ಟ ವಾಸನೆಯನ್ನೂ ಬೀರಿ, ತನ್ನ ಕ್ಲಚ್ ಪ್ಲೇಟುಗಳು ಸವೆದಿವೆಯೆಂಬುದನ್ನು ನಿವೇದಿಸಿಕೊಂಡಿತು.

ಎಂಜಿನ್ನಿಗೂ ಗೇರಿನ ಪೆಟ್ಟಿಗೆಗೂ ನಡುವೆ ನಿಂತು, ಬೇಕೆಂದಾಗ ಅವೆರಡನ್ನೂ ಕೂಡಿಸಿ ಬೇಡವೆಂದಾಗ ಅಗಲಿಸುವುದು ಕ್ಲಚ್ಚಿನ ಕರ್ತವ್ಯ. ಎಂಜಿನ್ನಿನೊಡನೆ ತಿರುಗುವ ಬುಟ್ಟಿಯಂತಹ ಒಂದು ಹೊರಕವಚ; ಗೇರಿನ ದಂಡಕ್ಕೆ ಕಚ್ಚಿಕೊಂಡಿರುವ ಒಂದು ಒಳಗುಂಬ; ಬುಟ್ಟಿಯ ಸೀಳುಗಳಲ್ಲಿ ಕಿವಿ ಸಿಕ್ಕಿಸಿಕೊಂಡ ಘರ್ಷಣೆಯ ಪ್ಲೇಟುಗಳು, ಗುಂಬದ ಹಲ್ಲುಗಳಿಗೆ ಸಿಕ್ಕಿಕೊಂಡ ಉಕ್ಕಿನ ಪ್ಲೇಟುಗಳು, ಒಂದರ ಮೇಲೊಂದು, ದೋಸೆಗಳನ್ನು ಪೇರಿಸಿಟ್ಟಂತೆ; ಇಷ್ಟನ್ನೂ ಒಂದು ಒತ್ತುಪ್ಲೇಟಿನ ಮೂಲಕ ಮೇಲಿನಿಂದ ಅದುಮಿ ಹಿಡಿದ ಸ್ಪ್ರಿಂಗುಗಳು. ಹಿಡಿಯನ್ನು ಎಳೆದಾಗ ಸ್ಪ್ರಿಂಗುಗಳ ಒತ್ತು ಬಿಡುತ್ತದೆ, ಪ್ಲೇಟುಗಳು ಸಡಿಲಗೊಂಡು ಬುಟ್ಟಿ ತನ್ನಷ್ಟಕ್ಕೆ, ಗುಂಬ ತನ್ನಷ್ಟಕ್ಕೆ ಇರುತ್ತವೆ.

ಇಷ್ಟೊಂದು ಪ್ಲೇಟುಗಳೇಕೆ, ದೊಡ್ಡದೊಂದು ಸಾಲದೆ ಎಂದು ಕೇಳಬಹುದು. ಈ ಪ್ರಶ್ನೆಯಲ್ಲಿಯೇ ಕ್ಲಚ್ಚಿನ ಸೊಗಸೆಲ್ಲ ಅಡಗಿದೆ. ಘರ್ಷಣೆಯ ಬಲವು ಉಜ್ಜುವ ಮೇಲ್ಮೈಯ ವಿಸ್ತಾರವನ್ನಲ್ಲ, ಅದನ್ನು ಒತ್ತುವ ಬಲವನ್ನು ಅವಲಂಬಿಸಿದೆಯೆಂಬುದು ಪಾಠಶಾಲೆಯಲ್ಲಿಯೇ ಕಲಿತ ಸಂಗತಿ. ಹಾಗೆಂದು ಒತ್ತುವ ಬಲವನ್ನು ಹತ್ತು ಮಡಿ ಮಾಡಿದರೆ ಹಿಡಿಯನ್ನು ಎಳೆಯಲು ಜಟ್ಟಿಯೇ ಬೇಕಾದೀತು. ಆದರೆ ಅದೇ ಸ್ಪ್ರಿಂಗಿನ ಅದೇ ಒತ್ತು ಪ್ಲೇಟಿನಿಂದ ಪ್ಲೇಟಿಗೆ ಕುಂದಿಲ್ಲದೆ ಸಾಗುವುದರಿಂದ, ಐದು ಘರ್ಷಣೆಯ ಪ್ಲೇಟುಗಳ ನಡುವೆ ನಾಲ್ಕು ಉಕ್ಕಿನವನ್ನಿಟ್ಟರೆ ಉಜ್ಜುವ ಮುಖಗಳು ಹತ್ತಾಗುತ್ತವೆ. ಒಂದೇ ಒತ್ತು ಹತ್ತು ಸಾರಿ ದುಡಿಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೀಲ್-ಷಾ ಎಂಬ ಇಂಗ್ಲಿಷ್ ಯಂತ್ರಶಾಸ್ತ್ರಜ್ಞನು ಬಹುಪ್ಲೇಟುಗಳ ಕ್ಲಚ್ಚನ್ನು ಬಳಕೆಗೆ ತಂದುದು ಇದೇ ತತ್ತ್ವದ ಮೇಲೆ. ಆದರೆ ಲಾಭ ಹೇಗೆ ಗುಣಿತವಾಗುವುದೊ ನಷ್ಟವೂ ಹಾಗೆಯೇ. ಒಂದೊಂದು ಪ್ಲೇಟು 0.3 ಮಿಲಿಮೀಟರು ಸವೆದರೆ ಐದರಿಂದ ಒಂದೂವರೆ ಮಿಲಿಮೀಟರು ಇಳಿಯಿತು. ಅಷ್ಟರ ಮಟ್ಟಿಗೆ ಸ್ಪ್ರಿಂಗುಗಳು ನೀಳವಾಗಿ, ಅವುಗಳ ಒತ್ತು ತಗ್ಗಿ, ಪ್ಲೇಟುಗಳು ಜಾರತೊಡಗಿ, ಜಾರಿದಷ್ಟೂ ಕಾದು, ಕಾದಷ್ಟೂ ಬೇಗ ಸವೆಯುತ್ತವೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳನ್ನು ಬಲ್ಲ ಹಿರಿಯರಿಗೆ ಇಲ್ಲೊಂದು ನೆನಪು ಬಂದೀತು. ಆ ಗಾಡಿಗಳಲ್ಲಿ ಗೇರಿನ ಕಾಲ್ಮಣೆಯನ್ನು ಒತ್ತಿದರೆ ಕ್ಲಚ್ಚು ತಾನಾಗಿಯೇ ಬಿಡುತ್ತಿತ್ತು, ಅದೇ ಸನ್ನೆಗೋಲನ್ನು ಮಡಚಿದರೆ ಕಿಕ್ಕರೂ ಆಗುತ್ತಿತ್ತು. ಖರಾಡಿಯ ಸಂಜೆಯ ಸಂದಣಿಯಲ್ಲಿ ಆ ಏರ್ಪಾಡು ಎಷ್ಟು ಸುಖವಾಗಿರುತ್ತಿತ್ತೆಂದು ನಾನು ಹಲವು ಬಾರಿ ಅಸೂಯೆಪಟ್ಟಿದ್ದೇನೆ.

ಕ್ಲಚ್ಚನ್ನು ಬಿಚ್ಚುವುದಕ್ಕೆ ಮೊದಲು ಎರಡು ಸಂಶಯಗಳನ್ನು ಪರಿಹರಿಸಿಕೊಳ್ಳಬೇಕು. ಕೇಬಲ್ಲು ಬಿಗಿಯಾಗಿ, ಹಿಡಿಯಲ್ಲಿ ಒಂದಿಷ್ಟೂ ಸಡಿಲು ಉಳಿಯದಿದ್ದರೆ, ಹೊಸ ಪ್ಲೇಟುಗಳೂ ಜಾರುತ್ತವೆ. ಈ ರೋಗಕ್ಕೆ ಔಷಧವು ಪುಕ್ಕಟೆ. ಎರಡನೆಯದು ಎಣ್ಣೆ. ಈ ಕ್ಲಚ್ಚು ಎಂಜಿನ್ ಆಯಿಲಿನಲ್ಲಿಯೇ ಮುಳುಗಿ ದುಡಿಯುವುದರಿಂದ, ಘರ್ಷಣೆಯನ್ನು ತಗ್ಗಿಸಲೆಂದು ಮದ್ದು ಬೆರೆಸಿದ ಕಾರಿನ ಆಯಿಲನ್ನು ಹಾಕಿದರೆ ಪ್ಲೇಟುಗಳು ಜಾರುತ್ತವೆ. ಡಬ್ಬಿಯ ಮೇಲೆ ‘ಜಾಸೊ ಎಂ.ಎ.’ ಎಂಬ ಗುರುತಿರುವುದನ್ನೇ ಕೊಳ್ಳಬೇಕು. ಇವೆರಡೂ ಸರಿಯಿದ್ದುದರಿಂದ ನಾನು ಬಿಡಿಭಾಗಗಳಿಗಾಗಿ ನಾನಾ ಪೇಠಕ್ಕೆ ಹೋದೆ. ಬೆಂಗಳೂರಿಗರಿಗೆ ಜೆ.ಸಿ. ರೋಡು ಹೇಗೊ ಪುಣೆಯವರಿಗೆ ನಾನಾ ಪೇಠ ಹಾಗೆ. ಅಲ್ಲಿ ಪ್ಲೇಟುಗಳ ಸೆಟ್ಟು, ಸ್ಪ್ರಿಂಗುಗಳು, ಕವರಿನ ಪ್ಯಾಕಿಂಗು ಇವಿಷ್ಟನ್ನು ತಂದು, ಹೊಸ ಘರ್ಷಣೆಯ ಪ್ಲೇಟುಗಳನ್ನು ಹೊಸ ಆಯಿಲಿನಲ್ಲಿ ರಾತ್ರಿಯೆಲ್ಲ ನೆನೆಹಾಕಿದೆ. ಒಣ ಪ್ಲೇಟುಗಳನ್ನು ಜೋಡಿಸಿದರೆ ಮೊದಲ ದಿನವೇ ಸುಟ್ಟುಹೋಗುವ ಭಯವುಂಟು.

ಭಾನುವಾರ ಬೆಳಗ್ಗೆ, ತಣ್ಣಗಿದ್ದ ಗಾಡಿಯನ್ನು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಯಿಲನ್ನು ಕೆಳಗಿನ ಬೋಗುಣಿಗೆ ಇಳಿಸುತ್ತಿರುವಾಗ, ವಿಜಯಪುರದ ಕಡೆಯ ನಮ್ಮ ವಾಚ್‌ಮನ್ ಬಂದು ನಿಂತನು.

“ಸಾಹೇಬ್ರ, ಯಾಕ ಬಿಚ್ಚಾಕತ್ತೀರಿ? ಗ್ಯಾರೇಜಿನಾಗ ಒಂದ ತಾಸಿನ ಕೆಲಸ ಐತ್ರಿ.”

“ನನಗ ಒಂದ ದಿನ ಹಿಡೀತೈತಿ, ಹಿಡೀಲಿ ಬಿಡಪ್ಪ,” ಎಂದೆ.

ಕಿಕ್ಕರು, ಬ್ರೇಕಿನ ಕಾಲ್ಮಣೆ, ಕೇಬಲ್ಲಿನ ತುದಿ ಇವುಗಳನ್ನು ಕಳಚಿದ ಮೇಲೆ ಬಲಗಡೆಯ ಕವರಿನ ಬೋಲ್ಟುಗಳು. ಇವು ಒಂದೇ ಉದ್ದದವಲ್ಲ. ಉದ್ದನೆಯದನ್ನು ಗಿಡ್ಡದರ ಸ್ಥಾನದಲ್ಲಿ ಬಲವಂತದಿಂದ ತಿರುಪಿದರೆ ಅಲ್ಯೂಮಿನಿಯಮ್ಮಿನ ಮೈ ಬಿರಿಯುವುದರಿಂದ, ರಟ್ಟಿನ ಮೇಲೆ ಕವರಿನ ಆಕಾರವನ್ನು ಪೆನ್ಸಿಲಿನಲ್ಲಿ ಬರೆದು, ತೆಗೆದ ಬೋಲ್ಟನ್ನು ಆಯಾ ಜಾಗದ ತೂತಿಗೇ ಚುಚ್ಚಿಡುತ್ತ ಹೋದೆ. ಅಂಟಿದ ಹಳೆಯ ಪ್ಯಾಕಿಂಗನ್ನು ಸ್ಕ್ರೂಡ್ರೈವರಿನಿಂದಲ್ಲ, ಬಿದಿರಿನ ಸೀಳಿನಿಂದ ಕೆರೆಯುವುದು ಲೇಸು.

ಸ್ಪ್ರಿಂಗುಗಳ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಸಡಿಲಿಸಿದರೆ ಒತ್ತುಪ್ಲೇಟು ಓರೆಯಾಗದೆ ಕೈಗೆ ಬರುತ್ತದೆ. ಹೊರಬಂದ ಹಳೆಯ ಪ್ಲೇಟುಗಳು ಕರಿಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದುವು. ವರ್ನಿಯರಿನಲ್ಲಿ ಅಳೆದರೆ ಹೊಸದು 3 ಮಿಲಿಮೀಟರು, ಹಳೆಯದು 2.6. ಈ ಅಲ್ಪವನ್ನು ಬೆರಳು ಗುರುತಿಸದು, ಏರು ಗುರುತಿಸುತ್ತದೆ. ಉಕ್ಕಿನ ಪ್ಲೇಟುಗಳನ್ನು ಕಿಟಕಿಯ ಗಾಜಿನ ತುಂಡಿನ ಮೇಲಿಟ್ಟು ನೋಡಿದೆ: ಒಂದು ನೀಲಿಗಟ್ಟಿ, ಸೊಟ್ಟಗಾಗಿ, ಅಡಿಯಲ್ಲಿ ಬೆಳಕು ನುಸುಳುತ್ತಿತ್ತು. ಅದನ್ನೂ ಬದಲಿಸಬೇಕಾಯಿತು. ಬುಟ್ಟಿಯ ಸೀಳುಗಳಲ್ಲಿ ಕಿವಿಗಳು ಬಡಿದು ಬಡಿದು ಕಚ್ಚು ಬಿದ್ದಿದ್ದರೆ ಅರದಿಂದ ತೀಡಬಹುದು. ಕಚ್ಚು ಆಳವಾಗಿದ್ದರೆ ಬುಟ್ಟಿಯೇ ಹೋಯಿತೆಂದು ತಿಳಿಯಬೇಕು.

ಜೋಡಣೆಯೆಂದರೆ ಬಿಚ್ಚಿದುದರ ಹಿಮ್ಮುಖ ಕ್ರಮ. ಘರ್ಷಣೆಯ ಪ್ಲೇಟಿನಿಂದ ಆರಂಭಿಸಿ ಅದರಿಂದಲೇ ಮುಗಿಸಬೇಕು. ಸ್ಪ್ರಿಂಗಿನ ಬೋಲ್ಟುಗಳು ಮಾತ್ರ ಎಚ್ಚರಿಕೆಯನ್ನು ಬೇಡುತ್ತವೆ. ಅವು ಸಣ್ಣವು, ಅವುಗಳನ್ನು ಹೊತ್ತ ಕಂಬಗಳು ಮೆದು ಲೋಹದವು. ಮೊಣಕೈಯ ಬಲವನ್ನಲ್ಲ, ಮಣಿಕಟ್ಟಿನ ಬಲವನ್ನು ಹಾಕಬೇಕು. ಪೌರುಷವನ್ನು ತೋರಿಸಹೋಗಿ ನಾನೊಮ್ಮೆ ಬೇರೊಂದು ಗಾಡಿಯಲ್ಲಿ ಇಂಥ ಕಂಬವೊಂದನ್ನು ಮುರಿದು, ಹತ್ತು ಪಟ್ಟು ಹಣ ತೆತ್ತವನು.

ಬೋಗುಣಿಯಲ್ಲಿದ್ದ ಕರಿಯ ಎಣ್ಣೆಯನ್ನು ಮೋರಿಗೆ ಚೆಲ್ಲುವಂತಿಲ್ಲ, ಮೋರಿಯ ಕೊನೆಗೆ ನದಿಯಿದೆ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಟ್ಟೆ. ಸಂಜೆ ಸೇತುವೆಯ ಏರಿನಲ್ಲಿ ಟಾಪ್ ಗೇರಿನಲ್ಲಿಯೇ ಆ್ಯಕ್ಸಿಲರೇಟರನ್ನು ತಿರುಗಿಸಿದಾಗ ಎಂಜಿನ್ನಿನ ಸದ್ದೂ ವೇಗವೂ ಜೊತೆಜೊತೆಯಾಗಿ ಏರಿದುವು. ಹೊಸ ಪ್ಲೇಟುಗಳು ಒಂದಕ್ಕೊಂದು ಹೊಂದಿಕೊಳ್ಳುವ ಮೊದಲ ಮುನ್ನೂರು ಕಿಲೋಮೀಟರುಗಳಲ್ಲಿ ಕೇಬಲ್ಲಿನ ಸಡಿಲು ಮತ್ತೆ ಕಡಮೆಯಾಗುವುದುಂಟು. ಅದನ್ನು ಸರಿಪಡಿಸಲು ಬೇಕಾದ ಒಂದು ಸ್ಪ್ಯಾನರನ್ನು ಸೀಟಿನ ಅಡಿಯಲ್ಲಿ ಇಟ್ಟುಕೊಂಡಿದ್ದೇನೆ.