ಚಿಕ್ಕ ಐಷಾರಾಮಿ ಕಾರುಗಳು: ಘಾಟಿಯ ತಿರುವಿನಲ್ಲಿ ಯಾವುದು ಮೇಲು?

2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಕಾಫಿಯ ದರ ಟನ್ನಿಗೆ 5,000 ಡಾಲರ್ ದಾಟಿದ್ದು ಸದಸ್ಯರೆಲ್ಲರಿಗೂ ತಿಳಿದ ಸಂಗತಿ. ಅದರ ಪರಿಣಾಮಗಳಲ್ಲಿ ಒಂದು ನಮ್ಮ ಸಂಘದ ಕಚೇರಿಯ ಅಂಗಳದಲ್ಲೇ ಕಾಣಿಸಿಕೊಂಡಿತು. ಜೀಪು, ಪಿಕಪ್‌ಗಳ ನಡುವೆ ಒಂದೊಂದಾಗಿ ಜರ್ಮನ್ ಕಾರುಗಳು ನಿಲ್ಲತೊಡಗಿದವು. ಕೆಲವು ಹೊಸವು, ಹೆಚ್ಚಿನವು ಬೆಂಗಳೂರಿನಲ್ಲಿ ಆರೇಳು ವರ್ಷ ಓಡಿ ಆಮೇಲೆ ಮಲೆನಾಡು ಸೇರಿದವು. ಗೊಬ್ಬರದ ಇಂಡೆಂಟ್ ಕೊಡಲು ಬಂದವರು ಕಾರ್ಯದರ್ಶಿಯ ಮೇಜಿನ ಮುಂದೆ ಕುಳಿತು, "ಬಿಎಂಡಬ್ಲ್ಯು ತೆಗೆದುಕೊಳ್ಳಲೋ, ಬೆಂಜ್ ತೆಗೆದುಕೊಳ್ಳಲೋ?" ಎಂದು ಕೇಳುವ ಕಾಲ ಬಂದಿದೆ. ಇದಕ್ಕೆ ಸಂಘದ ಬೈಲಾದಲ್ಲಿ ಉತ್ತರವಿಲ್ಲ. ಆದರೆ ಕಾಲೇಜು ದಿನಗಳಿಂದ ನನಗಿರುವ ಕಾರಿನ ಹುಚ್ಚು ಹಲವರಿಗೆ ಗೊತ್ತು. ಅಲ್ಲದೆ ಮೂವರು ಸದಸ್ಯರು ಧೈರ್ಯಮಾಡಿ ತಮ್ಮ ಕಾರಿನ ಕೀಲಿಯನ್ನು ನನ್ನ ಕೈಗಿತ್ತು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಹತ್ತಲು ಬಿಟ್ಟರು. ಆದ್ದರಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಈ ಕಾರುಗಳ ಕುಲಗೋತ್ರ ತಿಳಿದಿರುವುದು ಒಳ್ಳೆಯದು. ಇಂದಿನ ಗುಣದೋಷಗಳೆಲ್ಲ ಅಲ್ಲಿಂದಲೇ ಬಂದವು.

1973ರ ತೈಲ ಬಿಕ್ಕಟ್ಟಿನ ನಂತರ ದೊಡ್ಡ ಕಾರು ಕಟ್ಟುವ ಕಂಪನಿಗಳಿಗೂ ಚಿಕ್ಕ ಕಾರಿನ ಯೋಚನೆ ಬಂತು. ಮ್ಯೂನಿಕ್‌ನ ಬಿಎಂಡಬ್ಲ್ಯು ಈ ದಾರಿಯಲ್ಲಿ ಮೊದಲೇ ಇತ್ತು. ಅದರ 3 ಸೀರೀಸ್ 1975ರಲ್ಲಿ ಬಂತು. ಇ30 ಎಂದು ಕರೆಯುವ ಎರಡನೆಯ ತಲೆಮಾರು 1982ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಸ್ಟುಟ್‌ಗಾರ್ಟ್‌ನ ಮರ್ಸಿಡಿಸ್ ತನ್ನ 190 ಎಂಬ ಕಾರನ್ನು ಹೊರತಂದಿತು. ಜನ ಅದನ್ನು ಬೇಬಿ ಬೆಂಜ್ ಎಂದರು. ಬೆಂಜ್ ಎಂದರೆ ಹಡಗಿನಂಥ ಕಾರು ಎಂದು ನಂಬಿದವರಿಗೆ ಇದು ಕಂಪನಿಯ ಮರ್ಯಾದೆಗೆ ಕುಂದು ಎನಿಸಿತಂತೆ. ಆದರೆ 1993ರವರೆಗೆ ಅದು 18 ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಆ ವರ್ಷ ಅದರ ಜಾಗಕ್ಕೆ ಬಂದುದೇ ಸಿ-ಕ್ಲಾಸ್.

ಎರಡು ಕಾರುಗಳಲ್ಲೂ ಎಂಜಿನ್ ಮುಂದೆ, ಶಕ್ತಿ ಹಿಂದಿನ ಚಕ್ರಕ್ಕೆ. ಆದರೆ ಓಡಿಸಿದವರಿಗೆ ಅವು ಬೇರೆ ಬೇರೆ ಜಾತಿ. ಬಿಎಂಡಬ್ಲ್ಯುವಿನ ಸ್ಟಿಯರಿಂಗ್ ರ್‍ಯಾಕ್ ಅಂಡ್ ಪಿನಿಯನ್ ಬಗೆಯದು. ಚಕ್ರದಡಿಗೆ ಒಂದು ಜಲ್ಲಿ ಕಲ್ಲು ಸಿಕ್ಕಿದರೂ ಅಂಗೈಗೆ ತಿಳಿಯುವಂಥದು. ಮರ್ಸಿಡಿಸ್ ಆಗ ಬಳಸುತ್ತಿದ್ದುದು ರಿಸರ್ಕ್ಯುಲೇಟಿಂಗ್ ಬಾಲ್ ಎಂಬ ಹಳೆಯ ಪದ್ಧತಿ. ನಮ್ಮ ಲಾರಿಗಳಲ್ಲಿ ಇರುವಂಥದ್ದೇ. ಗಟ್ಟಿಮುಟ್ಟು, ಹೊಡೆತ ಕೈಗೆ ತಾಗದು, ಆದರೆ ರಸ್ತೆಯ ಸುದ್ದಿಯನ್ನು ಅರ್ಧ ಹೇಳಿ ಅರ್ಧ ನುಂಗುತ್ತದೆ. 2000ದಲ್ಲಿ ಬಂದ ಎರಡನೆಯ ತಲೆಮಾರಿನವರೆಗೂ ಸಿ-ಕ್ಲಾಸ್ ಇದನ್ನು ಬಿಡಲಿಲ್ಲ.

ಹಿಂದಿನ ಚಕ್ರಗಳ ವಿಷಯದಲ್ಲಿ ಕಥೆ ತಿರುಗುಮುರುಗು. ಇ30ರ ಹಿಂದಿನ ಸಸ್ಪೆನ್ಷನ್ ಸರಳವಾದ ಸೆಮಿ-ಟ್ರೇಲಿಂಗ್ ಆರ್ಮ್. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದರೆ ಹಿಂಭಾಗ ಹೊರಕ್ಕೆ ಜಾರುವ ಸ್ವಭಾವ ಅದಕ್ಕಿತ್ತು. ಬಲ್ಲವನಿಗೆ ಅದೇ ಆಟ. ಮಳೆಯಲ್ಲಿ ಅರಿಯದವನಿಗೆ ಅದೇ ಗಂಡಾಂತರ. ಮರ್ಸಿಡಿಸ್ ಎಂಜಿನಿಯರುಗಳು 190ಕ್ಕಾಗಿ ಹಿಂದಿನ ಪ್ರತಿ ಚಕ್ರವನ್ನೂ ಐದು ತೋಳುಗಳಿಂದ ಹಿಡಿಯುವ ಹೊಸ ವ್ಯವಸ್ಥೆ ರೂಪಿಸಿದರು. ಒಂದು ತೋಳು ಮುಂದೆ ಹಿಂದೆ, ಒಂದು ಅಡ್ಡಕ್ಕೆ, ಹೀಗೆ ಒಂದೊಂದು ದಿಕ್ಕಿಗೆ ಒಂದೊಂದು ಕಾವಲು. ಗುಂಡಿಗೆ ಬಿದ್ದರೂ ಚಕ್ರ ತನ್ನ ನೇರ ಬಿಡದು. ಅಡಿಕೆ ಮರದ ತುದಿಯಿಂದ ಪಕ್ಕದ ಮರಕ್ಕೆ ದಾಟುವ ಕೊನೆಗಾರನನ್ನು ನೋಡಿದವರಿಗೆ ಇದು ಅರ್ಥವಾದೀತು: ಒಂದು ಹಿಡಿತ ಸಡಿಲಿಸುವ ಮೊದಲು ಮಿಕ್ಕವು ಭದ್ರವಾಗಿರಬೇಕು. ಬಹುತೋಳಿನ ಈ ವಿಚಾರ ಆಮೇಲೆ ಒಳ್ಳೆಯ ಕಾರುಗಳಲ್ಲೆಲ್ಲ ವಾಡಿಕೆಯಾಯಿತು. 1990ರ ಇ36 ತಲೆಮಾರಿನಿಂದ 3 ಸೀರೀಸ್‌ಗೂ ಬಹುತೋಳಿನ ಹಿಂಭಾಗವೇ ಬಂತು.

ಈ 190ರ ಗಟ್ಟಿತನ ಜಗತ್ತಿಗೆ ಗೊತ್ತಾದ ಎರಡು ಪ್ರಸಂಗಗಳನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1983ರ ಆಗಸ್ಟಿನಲ್ಲಿ ಇಟಲಿಯ ನಾರ್ಡೊ ಪರೀಕ್ಷಾ ಪಥದಲ್ಲಿ ಅದರ 16 ವಾಲ್ವಿನ ಮಾದರಿ 50,000 ಕಿಲೋಮೀಟರುಗಳನ್ನು ಗಂಟೆಗೆ ಸರಾಸರಿ 247 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಿತು. ಮರುವರ್ಷ ಮೇ 12ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ಹೊಸ ಪಥದ ಉದ್ಘಾಟನೆಗೆ ಫಾರ್ಮುಲಾ ಒನ್ನಿನ ಹೊಸಬರು ಹಳಬರನ್ನೆಲ್ಲ ಕರೆಸಿ, ಎಲ್ಲರಿಗೂ ಒಂದೇ ಬಗೆಯ 190 ಕಾರು ಕೊಟ್ಟು ಸ್ಪರ್ಧೆಗೆ ಬಿಟ್ಟರು. ನಿಕಿ ಲೌಡಾ, ಅಲೈನ್ ಪ್ರಾಸ್ಟ್, ಸ್ಟರ್ಲಿಂಗ್ ಮಾಸ್, ಜ್ಯಾಕ್ ಬ್ರ್ಯಾಬಮ್‌ರಂಥವರು ಇದ್ದ ಆ ಮಳೆಯ ದಿನ ಗೆದ್ದವನು ಆಗಿನ್ನೂ ಹೆಚ್ಚು ಜನ ಹೆಸರು ಕೇಳಿರದ ಬ್ರೆಜಿಲಿನ ಹುಡುಗ ಅಯರ್ಟನ್ ಸೆನ್ನಾ. ಲೌಡಾ ಎರಡನೆಯವರಾದರು. ಬಿಎಂಡಬ್ಲ್ಯು ಸುಮ್ಮನಿರಲಿಲ್ಲ. 1986ರಲ್ಲಿ ಇ30 ದೇಹಕ್ಕೆ ನಾಲ್ಕು ಸಿಲಿಂಡರಿನ ಚುರುಕು ಎಂಜಿನ್ ಹೂಡಿ ಎಂ3 ಎಂಬುದನ್ನು ತಂದಿತು. ಜರ್ಮನ್ ಟೂರಿಂಗ್ ಕಾರ್ ಸ್ಪರ್ಧೆಗಳಲ್ಲಿ ಇವೆರಡರ ಪೈಪೋಟಿ ವರ್ಷಗಟ್ಟಲೆ ನಡೆಯಿತು.

ಮೂರನೆಯದು ಇಂಗೋಲ್‌ಸ್ಟಾಟ್‌ನ ಔಡಿ. ಇದರ 80 ಎಂಬ ಕಾರು 1972ರದು. 1994ರಲ್ಲಿ ಎ4 ಆಯಿತು. ಇದರ ಎಂಜಿನ್ ಉದ್ದಕ್ಕೆ ಕೂತಿದ್ದರೂ ಅದರ ಹೆಚ್ಚಿನ ಭಾಗ ಮುಂದಿನ ಆಕ್ಸಲಿಗಿಂತ ಮುಂದಿದೆ. ಆದ್ದರಿಂದ ಮೂಗು ಭಾರ. ತಿರುವಿನಲ್ಲಿ ವೇಗ ಹೆಚ್ಚಾದರೆ ನೇರಕ್ಕೆ ಹೋಗಲು ನೋಡುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಕ್ವಾಟ್ರೋ 1980ರಲ್ಲಿ ಬಂದು ಔಡಿಗೆ ದೊಡ್ಡ ಹೆಸರು ತಂದಿತು. ಆದರೆ ಸದಸ್ಯರು ಇಲ್ಲಿ ಒಂದು ಮಾತು ಗಮನಿಸಬೇಕು. 2016ರಿಂದ ಭಾರತದಲ್ಲಿ ಮಾರಿದ ಬಿ9 ತಲೆಮಾರಿನ ಎ4 ಮುಂದಿನ ಚಕ್ರ ಎಳೆಯುವ ಕಾರು. ಔಡಿ ಎಂದ ಮಾತ್ರಕ್ಕೆ ಕೆಸರಿನ ತೋಟದ ರಸ್ತೆ ಹತ್ತೀತೆಂದು ತಿಳಿಯಬೇಡಿ. ಅದಕ್ಕೆ ನಿಮ್ಮ ಹಳೆಯ ಜೀಪೇ ಸರಿ.

ಇನ್ನು ನಾನು ಓಡಿಸಿದವು. 320ಡಿ (2019ರಲ್ಲಿ ಬಂದ ಜಿ20 ತಲೆಮಾರು), ಸಿ220ಡಿ (2018ರ ಪರಿಷ್ಕೃತ ಮಾದರಿ), ಎ4 35 ಟಿಡಿಐ. ಮೂರೂ ಎರಡು ಲೀಟರ್ ಆಸುಪಾಸಿನ ನಾಲ್ಕು ಸಿಲಿಂಡರಿನ ಡೀಸೆಲ್. ಶಕ್ತಿ ಕ್ರಮವಾಗಿ 190, 194, 190 ಕುದುರೆಗಳು. ಟಾರ್ಕ್ ಮೂರರದೂ 400 ನ್ಯೂಟನ್ ಮೀಟರ್. ಕಾಗದದ ಮೇಲೆ ಇಷ್ಟು ಸರಿಸಮಾನವಾದ ಮೂರು ಕಾರುಗಳು ಸಿಗುವುದು ಅಪರೂಪ. ಹೀಗಾಗಿ ವ್ಯತ್ಯಾಸವೆಲ್ಲ ಕೈಗೆ, ಕಾಲಿಗೆ, ಬೆನ್ನಿಗೆ ತಿಳಿಯುವಂಥದು.

ಹತ್ತುವಾಗ ಬಿಎಂಡಬ್ಲ್ಯುವಿಗೆ ಸಾಟಿಯಿಲ್ಲ. ತೂಕ ಮುಂದೆ ಹಿಂದೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಹಂಚಿದೆ. ಹಿಮ್ಮುರಿ ತಿರುವಿನಲ್ಲಿ ಮೂಗು ತಿರುಗಿದೊಡನೆ ಕಾಲು ಒತ್ತಿದರೆ ಹಿಂದಿನ ಚಕ್ರಗಳು ಕಾರನ್ನು ತಳ್ಳಿ ತಿರುವಿನಿಂದ ಹೊರಹಾಕುತ್ತವೆ. ಎಂಟು ಗೇರುಗಳ ಅದರ ಆಟೋಮ್ಯಾಟಿಕ್ ನಮ್ಮ ಮನಸ್ಸು ಓದಿದಂತೆ ಗೇರು ಇಳಿಸುತ್ತದೆ. ಬೆಂಜಿನ ಒಂಬತ್ತು ಗೇರುಗಳ ಪೆಟ್ಟಿಗೆ ಒಂದು ಕ್ಷಣ ಯೋಚಿಸಿ, ಆಮೇಲೆ ಒಪ್ಪುತ್ತದೆ, ಮನೆಯ ಹಿರಿಯರಂತೆ. ಔಡಿಯದು ಎರಡು ಕ್ಲಚ್ಚಿನ ಏಳು ಗೇರು. ಖಾಲಿ ರಸ್ತೆಯಲ್ಲಿ ಬಲು ಚುರುಕು. ಆದರೆ ಲಾರಿಯ ಹಿಂದೆ ನಿಂತು ತೆವಳಿ, ನಿಂತು ತೆವಳಿ ಹತ್ತುವಾಗ ಈ ಬಗೆಯ ಕ್ಲಚ್ಚಿಗೆ ಅದು ಹಿತವಾದ ಕೆಲಸವಲ್ಲ. ಘಾಟಿಯಲ್ಲಿ ನಮ್ಮ ಪಾಲಿಗೆ ಬರುವುದು ಹೆಚ್ಚಾಗಿ ಅದೇ ಕೆಲಸ. ಹಿಮ್ಮುರಿ ತಿರುವಿನ ತೇವದಲ್ಲಿ ಮುಂದಿನ ಚಕ್ರಗಳೇ ತಿರುಗಿಸಬೇಕು, ಅವೇ ಎಳೆಯಬೇಕು ಎಂಬುದೂ ಇದೆ.

ಇಳಿಯುವುದು ಬೇರೆಯೇ ವಿದ್ಯೆ. ಸದಸ್ಯರು ಈ ಪ್ಯಾರಾವನ್ನು ಮನೆಯ ಮಕ್ಕಳಿಗೂ ಓದಿಸಬೇಕೆಂದು ಕೋರುತ್ತೇನೆ. ನಾವೆಲ್ಲ ಕಲಿತದ್ದು ಅಂಬಾಸಡರಿನಲ್ಲಿ, ಜೀಪಿನಲ್ಲಿ. ಹತ್ತಿದ ಗೇರಿನಲ್ಲೇ ಇಳಿ ಎಂಬುದು ಆಗಿನ ಪಾಠ. ಆಟೋಮ್ಯಾಟಿಕ್ ಕಾರನ್ನು ಡಿ ಸ್ಥಾನದಲ್ಲೇ ಬಿಟ್ಟು ಇಳಿದರೆ ಅದು ಡೀಸೆಲ್ ಉಳಿಸುವ ಆಸೆಯಿಂದ ಮೇಲಿನ ಗೇರಿಗೆ ಹೋಗುತ್ತದೆ. ಎಂಜಿನ್ನಿನ ಹಿಡಿತ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇದಕ್ಕಿಂತ ಮೋಸದ್ದು ಇಕೋ ಎಂಬ ಮೋಡ್. ಕಾಲು ತೆಗೆದೊಡನೆ ಎಂಜಿನ್ನಿನ ಸಂಬಂಧ ಬಿಡಿಸಿ ಕಾರನ್ನು ಜಾರಲು ಬಿಡುವ ವ್ಯವಸ್ಥೆ ಈ ಜಾತಿಯ ಹಲವು ಕಾರುಗಳಲ್ಲಿದೆ. ಜರ್ಮನಿಯ ಹೆದ್ದಾರಿಗೆ ಅದು ಬುದ್ಧಿವಂತಿಕೆಯೇ. ಕೊಟ್ಟಿಗೆಹಾರದ ಕೆಳಗೆ ಮಾತ್ರ ಅದು ಬೇಡವೇ ಬೇಡ. ಬ್ರೇಕು ಕಾದು ಕಾದು ಹಿಡಿತ ಕಳೆದುಕೊಂಡ ಮೇಲೆ ಕಾರಿನ ಬೆಲೆ ಎಷ್ಟಾದರೇನು? ಗೇರನ್ನು ಮ್ಯಾನುಯಲ್‌ಗೆ ಹಾಕಿ, ಸ್ಟಿಯರಿಂಗ್ ಹಿಂದಿನ ಪುಟ್ಟ ಸನ್ನೆಯಿಂದ ಎರಡಕ್ಕೋ ಮೂರಕ್ಕೋ ಇಳಿಸಿಕೊಳ್ಳಿ. ಮೂರೂ ಕಾರುಗಳಲ್ಲಿ ಇದಕ್ಕೆ ಅವಕಾಶವಿದೆ. ಕೀಲಿ ಕೊಟ್ಟ ಮೂವರಲ್ಲಿ ಇಬ್ಬರು ಆ ಸನ್ನೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಹೀಗೆ ಗೇರಿನಲ್ಲಿ ಹಿಡಿದು ಇಳಿದಾಗ ನನಗೆ ಹೆಚ್ಚು ನೆಮ್ಮದಿ ಕೊಟ್ಟದ್ದು ಬೆಂಜ್. ಅದರ ಸ್ಟಿಯರಿಂಗ್ ಆತುರಪಡುವುದಿಲ್ಲ. ಒಡೆದ ಡಾಂಬರಿನ ಅಂಚಿಗೆ ಚಕ್ರ ಬಿದ್ದರೂ ದೇಹ ಒಮ್ಮೆ ಏರಿ ಇಳಿದು ತಣ್ಣಗಾಗುತ್ತದೆ. ಬಿಎಂಡಬ್ಲ್ಯು ಅದೇ ಹೊಡೆತವನ್ನು ಚಾಲಕನಿಗೆ ವರದಿ ಮಾಡುತ್ತದೆ, ಹಿಂದಿನ ಸೀಟಿನವರಿಗೂ ಒಂದು ಪ್ರತಿ ಕಳಿಸುತ್ತದೆ. ಹಿಂದಿನ ಸೀಟಿನ ಪರೀಕ್ಷೆಗೆ ನನ್ನ ಬಳಿ ಇದ್ದ ಉಪಕರಣ ನಮ್ಮ ತಾಯಿಯವರು. ವಯಸ್ಸು 84, ಘಾಟಿ ಎಂದರೆ ಹೊಟ್ಟೆ ತೊಳಸು. ಬೆಂಜಿನಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಂಡರು. ಔಡಿಯಲ್ಲಿ ಮಾತನಾಡಿದರು. ಬಿಎಂಡಬ್ಲ್ಯುವಿನಲ್ಲಿ ಕಣ್ಣು ಮುಚ್ಚಿ ಸುಮ್ಮನಿದ್ದರು. ಇದರಲ್ಲಿ ಅರ್ಧ ತಪ್ಪು ಕಾರಿನದಲ್ಲ; ಆ ಕಾರನ್ನು ನಿಧಾನವಾಗಿ ಓಡಿಸಲು ಮನಸ್ಸು ಬರುವುದಿಲ್ಲ. ನಗೆಯ ಮಾತೆಂದು ಬಿಡಬೇಡಿ. ನಮ್ಮಲ್ಲಿ ಎದೆನೋವಿನವರನ್ನೂ ಹೆರಿಗೆಯವರನ್ನೂ ಮಂಗಳೂರಿಗೆ ಒಯ್ಯುವುದು ಇದೇ ರಸ್ತೆಯಲ್ಲಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಅದೂ ಮುಚ್ಚಿದ್ದನ್ನು ಮರೆತಿಲ್ಲವಷ್ಟೆ.

ಇನ್ನೊಂದು ವಿಷಯವನ್ನು ಕಾರು ಪತ್ರಿಕೆಗಳು ಬರೆಯುವುದು ಕಡಿಮೆ: ಅಗಲ. 1982ರ ಇ30 ಹೆಚ್ಚುಕಡಿಮೆ ನಮ್ಮ ಅಂಬಾಸಡರಿನಷ್ಟೇ ಉದ್ದದ ಕಾರು. ಅಗಲ 1,645 ಮಿಲಿಮೀಟರ್. ಅದರ ಮರಿಮಗ ಜಿ20ರ ಅಗಲ 1,827. ಏಳು ಅಂಗುಲ ಹೆಚ್ಚಾಯಿತು. ಸಿ-ಕ್ಲಾಸೂ ಹಾಗೆಯೇ ಬೆಳೆದಿದೆ. ಚಿಕ್ಕ ಕಾರು ಎಂಬ ಹೆಸರು ಮಾತ್ರ ಉಳಿದಿದೆ. ತಿರುವಿನಲ್ಲಿ ಎದುರಿಗೆ ಬಸ್ಸು ಬಂದು, ಎಡಕ್ಕೆ ಚರಂಡಿ ಇದ್ದಾಗ ಆ ಏಳು ಅಂಗುಲದ ಬೆಲೆ ತಿಳಿಯುತ್ತದೆ. 2021ರಿಂದ ಭಾರತದಲ್ಲಿ 3 ಸೀರೀಸನ್ನು ಚಕ್ರಗಳ ನಡುವೆ 110 ಮಿಲಿಮೀಟರ್ ಉದ್ದ ಹೆಚ್ಚಿಸಿದ ಮಾದರಿಯಲ್ಲೂ ಮಾರಿದ್ದಾರೆ. ಹಿಂದೆ ಕೂರುವವರಿಗೆ ಸುಖ. ಆದರೆ ಹೊಟ್ಟೆ ಉದ್ದವಾದಷ್ಟೂ ಉಬ್ಬುಗಳಿಗೆ ತಾಗುವ ಭಯ.

ಹಳೆಯ ವ್ಯತ್ಯಾಸಗಳು ಈಗ ಸವೆಯುತ್ತಿವೆ ಎಂಬುದೂ ನಿಜ. 2012ರ ಎಫ್30 ತಲೆಮಾರಿನಿಂದ ಬಿಎಂಡಬ್ಲ್ಯುವಿನ ಸ್ಟಿಯರಿಂಗಿಗೂ ವಿದ್ಯುತ್ ಮೋಟಾರಿನ ನೆರವು ಬಂದಿತು. ಅಂಗೈಗೆ ತಿಳಿಯುತ್ತಿದ್ದ ಜಲ್ಲಿ ಕಲ್ಲಿನ ಸುದ್ದಿ ಮಸುಕಾಯಿತು. ಬೆಂಜ್ ಚುರುಕಾಯಿತು. ಯುರೋಪಿನಲ್ಲಿ 2024ರಲ್ಲಿ ಎ4ರ ಜಾಗಕ್ಕೆ ಹೊಸ ಎ5 ಬಂದಿತು. ಆದರೂ ಕಣ್ಣು ಕಟ್ಟಿ ಕೂರಿಸಿದರೆ ಮೂರು ತಿರುವಿನೊಳಗೆ ಯಾವ ಕಾರೆಂದು ಹೇಳಬಲ್ಲೆ ಎಂಬ ಜಂಬ ನನಗಿದೆ.

ನನ್ನ ಅಭಿಪ್ರಾಯ ಕೇಳಿದರೆ: ಒಬ್ಬರೇ ಓಡಾಡುವವರು, ಓಡಿಸುವುದರಲ್ಲೇ ಸುಖ ಕಾಣುವವರು 3 ಸೀರೀಸ್ ಕೊಳ್ಳಲಿ. ಮನೆಯಲ್ಲಿ ಹಿರಿಯರಿದ್ದರೆ ಸಿ-ಕ್ಲಾಸ್. ಔಡಿ ಹೆಚ್ಚಾಗಿ ಬೆಂಗಳೂರು ಹೆದ್ದಾರಿ ಓಡುವವರಿಗೆ. ಅದರ ಒಳಾಂಗಣದ ಕೆಲಸ ಮೂರರಲ್ಲೂ ನನಗೆ ಹೆಚ್ಚು ಹಿಡಿಸಿತು. ಹೊಸದಾದರೆ ಅರ್ಧ ಕೋಟಿಗೆ ಮೇಲಿನ ಮಾತು. ಅದರ ಮೇಲೆ 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ನೂರಕ್ಕೆ 18. ದರ ಇಳಿದ ವರ್ಷಗಳನ್ನು ಕಂಡವರು ಸೆಕೆಂಡ್ ಹ್ಯಾಂಡ್ ಕಡೆ ನೋಡುವುದರಲ್ಲಿ ಅರ್ಥವಿದೆ. ಹಾಗೆ ನೋಡುವವರು 2020ರ ಏಪ್ರಿಲಿನಿಂದ ಔಡಿ ಇಲ್ಲಿ ಡೀಸೆಲ್ ಮಾರುವುದನ್ನು ನಿಲ್ಲಿಸಿತೆಂಬುದನ್ನು ನೆನಪಿಡಬೇಕು. ಡೀಸೆಲ್ ಎ4 ಸಿಕ್ಕರೆ ಅದಕ್ಕಿಂತ ಹಿಂದಿನದೇ.

ಬೆಂಗಳೂರಿನಿಂದ ಬರುವ ಹಳೆಯ ಕಾರನ್ನು ರ್‍ಯಾಂಪಿಗೆ ಏರಿಸಿ ಕೆಳಭಾಗ ನೋಡದೆ ಮುಂಗಡ ಕೊಡಬೇಡಿ. ತೋಳುಗಳ ರಬ್ಬರ್ ಬುಷ್ ಒಡೆದಿದ್ದರೆ ಮೇಲೆ ಹೇಳಿದ ಗುಣಗಳೊಂದೂ ಉಳಿಯವು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳ ಗುರುತು ಇರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಅಂಥ ಟಯರಿನ ಮೇಲ್ಮೈ ಎಷ್ಟೇ ಹೊಸದಾಗಿ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ. ನಾಲ್ಕನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ, ಮಳೆಗಾಲ ಹಿಡಿಯುವ ಮೊದಲೇ ಬದಲಿಸಿ.